ಪಿಯಾನೊ ಬಲ್ಲ ವಾಗ್ಗೇಯಕಾರ

ಮೈಸೂರಿನ ಅರಸ ಜಯಚಾಮರಾಜ ಒಡೆಯರ ಬಗ್ಗೆ ನಮ್ಮ ಸಂಗೀತ ವಲಯದಲ್ಲಿ ಒಂದು ತೀರ್ಪು ಬಹುಕಾಲದಿಂದ ಕೈಯಿಂದ ಕೈಗೆ ದಾಟಿಬಂದಿದೆ: ದೊಡ್ಡ ಪೋಷಕರು, ಒಳ್ಳೆಯ ರಸಿಕರು, ಕೃತಿ ರಚಿಸಿದ್ದು ಮಾತ್ರ ಅರಸರ ಹವ್ಯಾಸ, ಪಿಯಾನೊ ಅಂತೂ ವಿಲಾಯಿತಿ ವ್ಯಾಮೋಹ. ಮೈಸೂರು ವಾಗ್ಗೇಯಕಾರರೆಂದು ವಾಸುದೇವಾಚಾರ್ಯರನ್ನು, ಮುತ್ತಯ್ಯ ಭಾಗವತರನ್ನು ತುಂಬುದನಿಯಲ್ಲಿ ಹೆಸರಿಸುವವರು ಒಡೆಯರ ಸರದಿ ಬಂದಾಗ ದನಿ ತಗ್ಗಿಸುತ್ತಾರೆ. ಈ ತೀರ್ಪನ್ನು ನಾನು ಒಪ್ಪುವುದಿಲ್ಲ. ಆ ಸಾಲಿನಲ್ಲಿ ಕಟ್ಟಡದ ಪ್ರಜ್ಞೆ ಎಲ್ಲರಿಗಿಂತ ಗಟ್ಟಿಯಾಗಿದ್ದದ್ದು ಒಡೆಯರಿಗೆ. ಅದನ್ನು ಅವರಲ್ಲಿ ಬೆಳೆಸಿದ್ದು ಅದೇ ಪಿಯಾನೊ.

1919ರಲ್ಲಿ ಹುಟ್ಟಿದ ಒಡೆಯರಿಗೆ ಕಚೇರಿ ಪಿಯಾನೊ ವಾದಕನಾಗುವ ಆಸೆಯಿತ್ತು. 1940ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ತಂದೆ ಕಂಠೀರವ ನರಸಿಂಹರಾಜ ಒಡೆಯರು, ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರು ಇಬ್ಬರೂ ತೀರಿಕೊಂಡು ಪಟ್ಟ ಇವರ ತಲೆಗೆ ಬಂತು; ಆಸೆ ಅಲ್ಲಿಗೇ ನಿಂತಿತು. ಆದರೂ 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿ ಪಡೆದರು. ಸಿಂಹಾಸನದ ಮೇಲಿದ್ದೂ ಪರೀಕ್ಷೆಗೆ ಒಪ್ಪಿಸಿಕೊಂಡವರನ್ನು ಹವ್ಯಾಸಿ ಎನ್ನುವುದು ಹೇಗೆ? ಮುಂದೆ ಅವರು ಯಾರನ್ನು ಪೋಷಿಸಲು ಆರಿಸಿಕೊಂಡರು ಎಂಬುದನ್ನೂ ನೋಡಬೇಕು. ನಿಕೊಲಾಯ್ ಮೆಟ್ನರ್ ರಷ್ಯ ಬಿಟ್ಟು ಲಂಡನ್ನಿನಲ್ಲಿ ನೆಲೆಸಿದ್ದ, ಕಾಲದ ಒಲವು ಕೈಬಿಟ್ಟಿದ್ದ ಮುದುಕ. ಒಂದು ಸಣ್ಣ ಸ್ವರಬೀಜದಿಂದ ಇಡೀ ಕೃತಿ ಬೆಳೆಯಬೇಕೆಂದು ಹಟ ಹಿಡಿದ ರಚನಕಾರ. ಅವನ ಮೂರೂ ಪಿಯಾನೊ ಕನ್ಸರ್ಟೊಗಳು ಅವನ ಕೈಯಲ್ಲೇ ಧ್ವನಿಮುದ್ರಣವಾಗಿ ಉಳಿದದ್ದು ಮೈಸೂರಿನ ಹಣದಿಂದ. ಮೂರನೆಯದನ್ನು ಅವನು ಒಡೆಯರಿಗೇ ಅರ್ಪಿಸಿದ. ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳು 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲ ಬಾರಿಗೆ ಕೇಳಿಸಿದಾಗಲೂ ಖರ್ಚಿಗೆ ಹೊಣೆ ನಿಂತವರು ಇವರೇ. ಪ್ರತಿಷ್ಠೆಯೇ ಬೇಕಿದ್ದರೆ ಸ್ಟ್ರಾಸ್ ಸಾಕಿತ್ತು. ಮೆಟ್ನರನನ್ನು ಹುಡುಕಿ ಹಿಡಿಯಲು ಕಿವಿ ಬೇಕು.

ಆ ಕಿವಿಯೇ ಕೃತಿಗಳಲ್ಲೂ ಕೆಲಸ ಮಾಡಿದೆ. ಶ್ರೀವಿದ್ಯಾ ಅಂಕಿತದ 94 ಸಂಸ್ಕೃತ ಕೃತಿಗಳು, ಒಂದೊಂದೂ ಬೇರೆ ರಾಗ. ಮನಸ್ಸು ಬಂದಾಗ ಹಾಡು ಕಟ್ಟುವವರ ಲೆಕ್ಕವಲ್ಲ ಇದು. ಆರಂಭದಲ್ಲೇ ನಕ್ಷೆ ಹಾಕಿಕೊಂಡವರದು. ಇವನ್ನೆಲ್ಲ ಗುರುಗಳಾದ ವಾಸುದೇವಾಚಾರ್ಯರೇ ಬರೆದುಕೊಟ್ಟರೆಂಬ ಪಿಸುಮಾತು ಇನ್ನೂ ಸತ್ತಿಲ್ಲ. ಪಿಸುಗುಡುವವರು ಇಬ್ಬರ ಕೃತಿಗಳನ್ನೂ ಪಕ್ಕಪಕ್ಕ ಇಟ್ಟು ಹಾಡಿ ನೋಡಲಿ. ಆಚಾರ್ಯರು ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರ ಶಿಷ್ಯರು, ತ್ಯಾಗರಾಜರ ಪರಂಪರೆಯವರು. ಅವರ ಸಾಹಿತ್ಯ ತಿಳಿಯಾದದ್ದು, ಭಕ್ತನ ಸರಳ ಮೊರೆ. ಒಡೆಯರದು ಶ್ರೀವಿದ್ಯೆಯ ಉಪಾಸಕನ ಭಾಷೆ: ಮಂತ್ರಶಾಸ್ತ್ರದ ಸಂಕೇತಗಳು, ಬಿಗಿದ ಸಮಾಸಗಳು, ಸಾಹಿತ್ಯದೊಳಗೇ ಹೆಣೆದ ರಾಗದ ಹೆಸರು. ಗುರು ತಿದ್ದಿರಬಹುದು, ತಿದ್ದದ ಗುರು ಎಲ್ಲಿದ್ದಾನೆ? ಹಾಗಾದರೆ ಮುತ್ತುಸ್ವಾಮಿ ದೀಕ್ಷಿತರ ನೆರಳು ಎನ್ನುತ್ತಾರೆ. ಈ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ದೇವಿ, ಸಂಸ್ಕೃತ, ರಾಗಮುದ್ರೆ ಎಲ್ಲವೂ ಅಲ್ಲಿಂದ ಬಂದವೇ, ಕೆಲವು ಕೃತಿಗಳಲ್ಲಿ ಸಮಾಸದ ಭಾರಕ್ಕೆ ರಾಗ ಬಾಗುವುದೂ ನಿಜ. ಆದರೆ ಅಠಾಣದ ‘ಶ್ರೀ ಮಹಾಗಣಪತಿಂ ಭಜೇಹಂ’ ಕೇಳಿದವರು ದೀಕ್ಷಿತರ ನಿಧಾನದ ಆನೆನಡಿಗೆಯನ್ನು ಅಲ್ಲಿ ಕಾಣಲಾರರು. ಎತ್ತುಗಡೆಯಲ್ಲೇ ರಾಗದ ಚಹರೆ ಪೂರ್ತಿ ನಿಲ್ಲುತ್ತದೆ, ಮುಂದಿನದೆಲ್ಲ ಅದರಿಂದಲೇ ಕವಲೊಡೆಯುತ್ತದೆ. ಮೆಟ್ನರನಲ್ಲಿ ಒಡೆಯರು ಮೆಚ್ಚಿದ್ದು ಇದನ್ನೇ ಎಂದು ನಾನು ನಂಬುತ್ತೇನೆ.

ಪಿಯಾನೊದ ಕೀಲಿಮನೆಯಲ್ಲಿ ಗಮಕ ಹುಟ್ಟದು ಎಂಬುದು ಶುದ್ಧವಾದಿಗಳ ಕೊನೆಯ ಮಾತು. ಹುಟ್ಟದು, ನಿಜ. ಗಮಕವನ್ನು ಒಡೆಯರು ವೆಂಕಟಗಿರಿಯಪ್ಪನವರ ಬಳಿ ವೀಣೆಯಲ್ಲಿ ಕಲಿತರು; ಪಿಯಾನೊ ಕಲಿಸಿದ್ದು ವಿನ್ಯಾಸವನ್ನು. ಇಷ್ಟಕ್ಕೂ ಪರದೇಶದ್ದೆಂದು ಮೂಗು ಮುರಿಯುವವರು ತಮ್ಮ ಪಕ್ಕದಲ್ಲಿರುವ ಪಿಟೀಲನ್ನು ನೋಡಬೇಕು. ಅದನ್ನು ನಮ್ಮ ಸಂಗೀತಕ್ಕೆ ತಂದವರು ದೀಕ್ಷಿತರ ತಮ್ಮ ಬಾಲುಸ್ವಾಮಿ. ಬ್ಯಾಂಡಿನ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಹೊಂದಿಸಿ ನೊಟ್ಟುಸ್ವರ ರಚಿಸಿದವರು ಸ್ವತಃ ದೀಕ್ಷಿತರು. ಒಡೆಯರು ಪಟ್ಟಕ್ಕೆ ಬಂದ 1940ರಲ್ಲೇ ರೇಡಿಯೊ, ಪಿಯಾನೊದಂತೆ ಕೀಲಿಮನೆಯಿದ್ದ ಹಾರ್ಮೋನಿಯಂ ಅನ್ನು ಹೊರಗಿಟ್ಟಿತು, ಸುಮಾರು ಮೂರು ದಶಕ ಒಳಗೆ ಬಿಡಲಿಲ್ಲ. ನಮ್ಮ ನೊಣವಿನಕೆರೆ, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆ ಆ ಬಹಿಷ್ಕಾರವನ್ನು ಲೆಕ್ಕಕ್ಕಿಡಲಿಲ್ಲ. ಇಲ್ಲಿ ಪೌರಾಣಿಕ ನಾಟಕ ಕಲಿಸುವವರನ್ನು ಇಂದಿಗೂ ಕರೆಯುವುದು ಹಾರ್ಮೋನಿಯಂ ಮೇಷ್ಟ್ರು ಎಂದೇ. ಪಕ್ಕದ ಗುಬ್ಬಿಯ ನಾಟಕ ಕಂಪನಿ ಹಬ್ಬಿಸಿದ ರಂಗಗೀತೆಗಳನ್ನು ತೆಂಗಿನ ತೋಟಗಳ ನಡುವಿನ ಊರುಗಳು ಹಾರ್ಮೋನಿಯಂ ಮನೆಗಳ ಮೇಲೇ ಕಲಿತವು. ಕೀಲಿಮನೆ ಎಲ್ಲಿಂದ ಬಂತೆಂದು ಹಳ್ಳಿ ಕೇಳಲಿಲ್ಲ, ಪದ ಸರಿಯಾಗಿ ಕೂತಿತೇ ಎಂದು ಕೇಳಿತು. ವಿದ್ವತ್ ವಲಯ ಒಡೆಯರನ್ನು ಕೇಳಬೇಕಾಗಿದ್ದದ್ದೂ ಅದನ್ನೇ.

ಒಡೆಯರು 1974ರ ಸೆಪ್ಟೆಂಬರ್ 23ರಂದು, 55ನೆಯ ವಯಸ್ಸಿನಲ್ಲಿ ತೀರಿಕೊಂಡರು. ಕೃತಿಗಳು ‘ಶ್ರೀವಿದ್ಯಾ ಗಾನವಾರಿಧಿ’ಯಾಗಿ ಅಚ್ಚಾಗಿವೆ, ಆದರೂ ಕಚೇರಿಗಳಲ್ಲಿ ಮತ್ತೆ ಮತ್ತೆ ಕೇಳಿಬರುವುದು ಬೆರಳೆಣಿಕೆಯಷ್ಟು. ಹಾಡುವವರಲ್ಲಿ ನನ್ನ ಕೋರಿಕೆ ಇಷ್ಟೇ: ಅಠಾಣದ ಗಣಪತಿಯನ್ನು ಆರಂಭದಲ್ಲಿ ಹಾಡಿ ಒಡೆಯರ ಋಣ ತೀರಿತೆಂದುಕೊಳ್ಳಬೇಡಿ, ಕಚೇರಿಯ ನಡುಮಧ್ಯಕ್ಕೆ, ರಾಗ ವಿಸ್ತಾರದ ಜಾಗಕ್ಕೆ, ಉಳಿದವುಗಳಲ್ಲಿ ಒಂದನ್ನು ತನ್ನಿ.