ಸ್ಟಾರ್ ಮಾರ್ಕ್ ಹಾಕಿದ್ದು ಯಾರು?

ಮೊನ್ನೆ ಭಾನುವಾರ ಊರಿಂದ ಚಿಕ್ಕಪ್ಪನ ಮಗಳ ಫೋನು. "ಅಣ್ಣಾ, ಲಾಸ್ಟ್ ನೇಮ್ ಅಂತ ಕೇಳ್ತಿದೆ, ಏನ್ ಹಾಕ್ಲಿ?" ಇನಿಷಿಯಲ್ ಹಾಕು ಅಂದೆ. ಕೆ ಆರ್ ಅಂತ ಹಾಕಿದ್ರೆ ಕನಿಷ್ಠ ಮೂರಕ್ಷರ ಬೇಕು ಅಂತ ಕೆಂಪಕ್ಷರದಲ್ಲಿ ತೋರಿಸ್ತಂತೆ. ನಮ್ಮ ಕಡೆ ಇರೋದೇ ಎರಡು: ಒಂದು ಊರಿನದ್ದು, ಇನ್ನೊಂದು ಅಪ್ಪನದ್ದು. ಮೂರನೇದು ಎಲ್ಲಿಂದ ತರೋದು? ಕೊನೆಗೆ ಅಪ್ಪನ ಹೆಸರನ್ನೇ ಪೂರ್ತಿ ಬರೆದಳು. ಈಗ ಮಾರ್ಕ್ಸ್ ಕಾರ್ಡಿನಲ್ಲೊಂದು ಹೆಸರು, ಅರ್ಜಿಯಲ್ಲೊಂದು ಹೆಸರು. ನಾಳೆ ಕೆಲಸ ಸಿಕ್ಕಿದ್ರೆ ಇವೆರಡೂ ನಾನೇ ಅಂತ ಅಫಿಡವಿಟ್ ಮಾಡಿಸಬೇಕಾಗಬಹುದು.

ರೆಸ್ಯೂಮೆ ಅಪ್‌ಲೋಡ್ ಮಾಡಿದ ಮೇಲೆ ಅದರಲ್ಲಿರೋದನ್ನೇ ಮತ್ತೆ ಟೈಪ್ ಮಾಡಿ ಅನ್ನೋ ಹಿಂಸೆ ನಿಮಗೂ ಗೊತ್ತೇ ಇದೆ, ಬಿಡಿ. ಎಸ್ಸೆಸ್ಸೆಲ್ಸಿಯಲ್ಲಿ ಅವಳಿಗೆ 625ಕ್ಕೆ 548, ಅಂದ್ರೆ ಶೇಕಡಾ 87.68. ಫಾರಂ ಚುಕ್ಕಿ ಒಪ್ಪಲ್ಲ. 88 ಅಂದ್ರೆ ಸುಳ್ಳು, 87 ಅಂದ್ರೆ ನಷ್ಟ. ನಷ್ಟವನ್ನೇ ಒಪ್ಪಿಕೊಂಡಳು.

ಅವಳು ಸಿಕ್ಕಿಬಿದ್ದಿದ್ದು ಇದ್ಯಾವುದರಲ್ಲೂ ಅಲ್ಲ. ಬಿಇ ಮುಗಿದ ಮೇಲೆ ಎರಡು ವರ್ಷ ಚಿಕ್ಕಮ್ಮನ ಡಯಾಲಿಸಿಸ್‌ಗೆ ವಾರಕ್ಕೆರಡು ಸಲ ಬಸ್ಸಲ್ಲಿ ಕರ್ಕೊಂಡು ಹೋಗಿ ಬಂದವಳು ಅವಳೇ. "ಗ್ಯಾಪ್‌ಗೆ ಕಾರಣ" ಅನ್ನೋ ಜಾಗದಲ್ಲಿ ಮೂರೇ ಆಯ್ಕೆ: ಉನ್ನತ ವ್ಯಾಸಂಗ, ಮದುವೆ, ಇತರೆ. ಬರೆದು ಹೇಳೋಕೆ ಒಂದು ಸಾಲೂ ಇಲ್ಲ. "ಇತರೆ ಅಂತ ಹಾಕ್ಲಾ ಅಣ್ಣಾ?" ಅಂದಳು. ನಾನು ಹೂಂ ಅಂದೆ. ಬೇರೆ ಏನನ್ಲಿ?

ಫಾರಂ ಮಾಡಿದವನನ್ನ ಬೈಯೋಣ ಅಂದ್ರೆ ಆ ಜಾತಿಯವನೇ ನಾನು. ಒಂದು ಕಾಲಮ್ಮನ್ನ ಕಡ್ಡಾಯ ಮಾಡೋಕೆ ಕೋಡಲ್ಲಿ 'ರಿಕ್ವೈರ್ಡ್' ಅನ್ನೋ ಒಂದು ಪದ ಸಾಕು, ಅರ್ಧ ಸೆಕೆಂಡಿನ ಕೆಲಸ. ರಿಪೋರ್ಟಲ್ಲಿ ಖಾಲಿ ಜಾಗ ಕಾಣಬಾರದು ಅಂತ ಮೇಲಿನವರು ಹೇಳ್ತಾರೆ, ನಾವು ಎಲ್ಲದಕ್ಕೂ ಸ್ಟಾರ್ ಮಾರ್ಕ್ ಬಡೀತೀವಿ. ಆಮೇಲೆ ಹೆಸರಿನ ಜಾಗದಲ್ಲಿ 'ಟೆಸ್ಟ್ ಟೆಸ್ಟ್' ಅಂತ ತುಂಬಿ ಪರೀಕ್ಷೆ ಮಾಡಿ ಮನೆಗೆ ಹೋಗ್ತೀವಿ. 'ಟೆಸ್ಟ್'ಗೆ ಊರಿಲ್ಲ, ಕಾಯಿಲೆ ಬಿದ್ದ ಅಮ್ಮನೂ ಇಲ್ಲ. ಎಲ್ಲರಿಗೂ ಸರ್‌ನೇಮ್ ಇದ್ದೇ ಇರುತ್ತೆ ಅನ್ನೋದು ಪ್ರೋಗ್ರಾಮರುಗಳ ಮೂಢನಂಬಿಕೆ ಅಂತ ಪ್ಯಾಟ್ರಿಕ್ ಮೆಕೆಂಜಿ 2010ರಲ್ಲೇ ಪಟ್ಟಿ ಮಾಡಿ ಬರೆದಿದ್ದರು. ಅದನ್ನ ಓದಿ ತಲೆಯಾಡಿಸಿದವನು ನಾನೂ ಹೌದು.

ಸೋಮವಾರ ಆಫೀಸಿಗೆ ಹೋಗಿ ನಾನು ಹಿಂದೆ ಬರೆದ ಒಂದು ಫಾರಂನ ಕೋಡ್ ತೆಗೆದು ನೋಡಿದೆ. ಲಾಸ್ಟ್ ನೇಮ್, ಕಡ್ಡಾಯ, ಕನಿಷ್ಠ ಮೂರಕ್ಷರ. ಆ ಮೂರು ಎಲ್ಲಿಂದ ಬಂತು ಅಂತ ಯಾರಾದ್ರೂ ಕೇಳಿದ್ರೆ ನನ್ನ ಹತ್ರ ಉತ್ತರ ಇಲ್ಲ. ನನ್ನ ಹೆಸರಿನ ಮುಂದೆ ಇರೋದೂ ಎರಡೇ ಅಕ್ಷರ ಮಾರಾಯ್ರೆ!

ಅರ್ಜಿ ತಲುಪಿದೆ ಅಂತ ಅವಳಿಗೆ ಮೇಲ್ ಬಂದಿದೆ. 'ಡಿಯರ್' ಆದಮೇಲೆ ಚಿಕ್ಕಪ್ಪನ ಹೆಸರು. ತೋರಿಸಿದ್ದಕ್ಕೆ ಚಿಕ್ಕಪ್ಪ ಕನ್ನಡಕ ಸರಿಮಾಡ್ಕೊಂಡು, "ನಂಗ್ಯಾಕವ್ವಾ ಕೆಲ್ಸ ಕೊಡ್ತಾರೆ?" ಅಂದ್ರಂತೆ.