ಎದೆಯ ಮೇಲೊಂದು ಮುಖ

ಘಾಟಬೋರಾಳದಂಥ ಊರುಗಳಲ್ಲಿ ನಾವು ಮನೆಯಲ್ಲಾಡುವ ದಖನಿಯನ್ನು ‘ಹರಕು ಉರ್ದು’ ಎಂದು ಹಂಗಿಸುವವರಿದ್ದಾರೆ. ಮುಸ್ಲಿಮರ ಕಲೆಯೆಂದರೆ ಬಳ್ಳಿ, ಬರಹ ಮಾತ್ರ ಎಂದು ನಂಬಿದವರೂ ಕಡಿಮೆಯಿಲ್ಲ. ಎರಡಕ್ಕೂ ಉತ್ತರವಾಗಿ ‘ಪೇಮ್ ನೇಮ್’ ಇದೆ.

ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ (1580–1627) ಕಾಲದಲ್ಲಿ ಹಸನ್ ಮಂಝೂ ಖಲ್ಜಿ ದಖನಿಯಲ್ಲಿ ಬರೆದ ಪ್ರೇಮಕಾವ್ಯವಿದು. ಇದರ ಹಸ್ತಪ್ರತಿಯಲ್ಲಿ 34 ಚಿತ್ರಗಳಿವೆ. ನಾಯಕ ಶಾಹ್‌ಜಿಯ ಹೃದಯದಲ್ಲಿ ಮಾಹ್‌ಜಿಯ ರೂಪ ನೆಲೆಸಿದೆ ಎನ್ನುತ್ತಾನೆ ಕವಿ. ಚಿತ್ರಕಾರರು ಅವನ ಎದೆಯ ಮೇಲೆಯೇ ಅವಳನ್ನು ಬರೆದುಬಿಟ್ಟರು. ಕೊನೆಗೆ ಅವಳೇ ಎದುರಾದಾಗ, ಇವಳು ನನ್ನೆದೆಯ ಚಿತ್ರದ ಪ್ರತಿಬಿಂಬವಷ್ಟೇ ಎಂದು ಬಗೆದು ಅವನು ಬಿಟ್ಟು ಹೊರಡುತ್ತಾನೆ. ಎದೆಯ ಮುಖವನ್ನೂ ಎದುರಿನ ಮುಖವನ್ನೂ ಒಟ್ಟಿಗೆ ಕಾಣುವ ನಮಗೆ ಅವನ ಭ್ರಮೆ ಅವನಿಗಿಂತ ಮೊದಲೇ ತಿಳಿಯುತ್ತದೆ. ಪ್ರತಿಬಿಂಬವನ್ನು ದಾಟಿ ನಿಜವನ್ನು ಸೇರುವುದೇ ಸೂಫಿಗಳ ಹಾದಿ. ಅದನ್ನು ಕುಂಚ ಇಷ್ಟು ಸರಳವಾಗಿ ಹೇಳಿದೆ. ಇಲ್ಲಿ ಚಿತ್ರ ಪುಟದ ಅಲಂಕಾರವಲ್ಲ. ಅದೂ ಕಥೆ ಹೇಳುತ್ತದೆ.

ಪ್ರತಿ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದು ಕೈತಪ್ಪಿತೆಂದು ಕೊರಗುತ್ತೇವೆ. ಆದರೆ ಅದನ್ನು ಓದಲು ಬೇಕಾದ ಭಾಷೆಯನ್ನು ನಮ್ಮ ಮಕ್ಕಳ ಬಾಯಿಂದ ನಾವೇ ಬಿಡಿಸುತ್ತಿದ್ದೇವೆ.