‘ಅಮೆರಿಕಾ ಅಮೆರಿಕಾ’ ಮತ್ತು ‘ನೀನು ಯಾವ ನೆಲದವನು?’ ಎಂಬ ಪ್ರಶ್ನೆ

2025ರ ಸೆಪ್ಟೆಂಬರ್ ತಿಂಗಳ ಕೊನೆಯ ವಾರ. ನಾಗಮಂಗಲ ತಾಲೂಕಿನ ಬಿಂಡಿಗನವಿಲೆಯ ಒಂದು ಸಣ್ಣ ಹೋಟೆಲಿನಲ್ಲಿ ಟೀ ಕುಡಿಯುತ್ತಾ ಕುಳಿತಿದ್ದೆ. ಗೋಡೆಯ ಮೇಲಿನ ಟಿ.ವಿ.ಯಲ್ಲಿ ಅಮೆರಿಕದ ಸುದ್ದಿ ಅಬ್ಬರಿಸುತ್ತಿತ್ತು. ಎಚ್-1ಬಿ ವೀಸಾದ ಹೊಸ ಅರ್ಜಿಗಳಿಗೆ ಅಧ್ಯಕ್ಷ ಟ್ರಂಪ್ ಒಂದು ಲಕ್ಷ ಡಾಲರ್ ಶುಲ್ಕ ವಿಧಿಸಿದ್ದರು.

“ಅಂದ್ರೆ ನಮ್ಮ ದುಡ್ಡಲ್ಲಿ ಎಷ್ಟಾಯ್ತು ಮೇಷ್ಟ್ರೆ?” ಎಂದು ಪಕ್ಕದಲ್ಲಿದ್ದ ಹಿರಿಯರೊಬ್ಬರು ಕೇಳಿದರು.

“ಎಂಬತ್ತೆಂಟು ಲಕ್ಷದ ಹತ್ರ” ಎಂದೆ.

“ಇದ್ಯಾವ ನ್ಯಾಯ? ನಮ್ಮ ಹುಡುಗ್ರು ದುಡೀದೆ ಇದ್ರೆ ಆ ದೇಶ ನಡೀತದಾ?” ಎಂದು ಅವರು ಸಿಟ್ಟಾದರು. ಎದುರು ಮೇಜಿನ ಯುವಕನೊಬ್ಬ ನಕ್ಕ. “ಅಲ್ಲ ಕಣ್ ತಾತ, ಅವ್ರ ದೇಶ, ಅವ್ರಿಗೆ ಮೊದ್ಲು. ಅವ್ರು ಮಾಡ್ತಿರೋದು ಸರಿ. ನಾವೂ ಹಂಗೇ ಮಾಡ್ಬೇಕು. ಎಲ್ಲಿಂದಲೋ ಬಂದೋರ್ನೆಲ್ಲ ಓಡಿಸ್ಬೇಕು.”

ಆ ‘ಎಲ್ಲಿಂದಲೋ ಬಂದವರು’ ಯಾರು ಎಂದು ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಆ ರಾತ್ರಿ ನನಗೆ ಮತ್ತೆ ನೆನಪಾದದ್ದು ‘ಅಮೆರಿಕಾ ಅಮೆರಿಕಾ’ ಚಿತ್ರ. ಅದರ ನಿರ್ದೇಶಕ ನಾಗತಿಹಳ್ಳಿ ಚಂದ್ರಶೇಖರ್ ಇದೇ ತಾಲೂಕಿನ ನಾಗತಿಹಳ್ಳಿಯವರು. ರಾಗಿ ಬೆಳೆಯುವ, ಮಳೆಯನ್ನೇ ನೆಚ್ಚಿಕೊಂಡ ಈ ಸೀಮೆಯಿಂದ ಹೋದ ಲೇಖಕರೊಬ್ಬರು ಕನ್ನಡಿಗರಿಗೆ ಅಮೆರಿಕವನ್ನು ಬೆಳ್ಳಿತೆರೆಯಲ್ಲಿ ತೋರಿಸಿದರು. 1996ನೇ ಸಾಲಿನ ಅತ್ಯುತ್ತಮ ಕನ್ನಡ ಚಿತ್ರವೆಂದು ಅದಕ್ಕೆ ರಾಷ್ಟ್ರ ಪ್ರಶಸ್ತಿ ಬಂತು. ಅಮೆರಿಕದ ಬಗ್ಗೆ ಒಂದು ಇಡೀ ತಲೆಮಾರಿನ ಕನ್ನಡಿಗರ ಮನಸ್ಸಿನಲ್ಲಿ ಮೂಡಿದ ಚಿತ್ರಣದಲ್ಲಿ ಈ ಸಿನಿಮಾದ ಪಾಲು ಸಣ್ಣದಲ್ಲ.

ಕಥೆ ಬಹುಮಂದಿಗೆ ಗೊತ್ತಿರುವುದೇ. ಬಾಲ್ಯದ ಮೂವರು ಗೆಳೆಯರು. ರಮೇಶ್ ಅರವಿಂದ್ ಅಭಿನಯಿಸಿದ ಸೂರ್ಯನಿಗೆ ತನ್ನ ನೆಲವೆಂದರೆ ಪ್ರಾಣ. ಅಕ್ಷಯ್ ಆನಂದ್ ಅಭಿನಯಿಸಿದ ಶಶಾಂಕನಿಗೆ ಅಮೆರಿಕದ ಸೆಳೆತ. ಇಬ್ಬರ ನಡುವೆ ಹೇಮಾ ಪಂಚಮುಖಿ ಅಭಿನಯಿಸಿದ, ಭೂಮಿಯ ಹೆಸರನ್ನೇ ಹೊತ್ತ ಹುಡುಗಿ. ಅವಳು ಶಶಾಂಕನ ಕೈಹಿಡಿದು ಸಾಗರ ದಾಟುತ್ತಾಳೆ, ಅಲ್ಲಿ ಒಂಟಿಯಾಗುತ್ತಾಳೆ. ಚಿತ್ರದ ಒಲವು ಯಾರ ಕಡೆಗೆ ಎಂಬುದರಲ್ಲಿ ಅನುಮಾನವಿಲ್ಲ.

ಈ ಚಿತ್ರದ ದೊಡ್ಡ ಗುಣ ಅದರ ಪ್ರಾಮಾಣಿಕತೆ. ಅದು ಅಮೆರಿಕವನ್ನು ಬರೀ ಹಾಡಿನ ಹಿನ್ನೆಲೆಯಾಗಿ ಬಳಸಿಕೊಳ್ಳಲಿಲ್ಲ. ದೊಡ್ಡ ಮನೆಯೊಳಗೆ ಮಾತಿಗೆ ಜನವಿಲ್ಲದೆ ಕೂತ ಹೆಣ್ಣುಮಗಳ ಸಂಕಟವನ್ನು ತೋರಿಸಿತು. ನಿರ್ದೇಶಕರೂ ಮಾತಿಗೆ ತಪ್ಪಿದವರಲ್ಲ. ತಮ್ಮ ಹಳ್ಳಿಯಲ್ಲಿ ಸಂಸ್ಕೃತಿ ಹಬ್ಬ ನಡೆಸಿಕೊಂಡು ಬಂದು ಹುಟ್ಟಿದ ನೆಲದ ಋಣ ತೀರಿಸಿದವರು ಅವರು.

ಆದರೂ ಇಂದು ಈ ಚಿತ್ರವನ್ನು ನೋಡಿದರೆ ಒಂದು ಪ್ರಶ್ನೆ ಕಾಡುತ್ತದೆ. ‘ನೀನು ಯಾವ ನೆಲದವನು? ಒಂದನ್ನು ಆರಿಸಿಕೋ’ ಎಂದು ಶಶಾಂಕನನ್ನು ಕೇಳುವ ಈ ಚಿತ್ರ, ಆ ಪ್ರಶ್ನೆಯನ್ನು ಕೇಳುವುದೇ ಸರಿಯೇ ಎಂದು ಒಮ್ಮೆಯೂ ಯೋಚಿಸುವುದಿಲ್ಲ. ನೆಲಪ್ರೇಮ ಮತ್ತು ಡಾಲರ್ ಎಂಬ ಎರಡೇ ತಕ್ಕಡಿ ಅದರ ಬಳಿ ಇವೆ. ವಿಪರ್ಯಾಸವೆಂದರೆ ಚಿತ್ರದ ಸಂಗೀತವೇ ಈ ವಾದವನ್ನು ಸುಳ್ಳಾಗಿಸುತ್ತದೆ. ಆ ಇಂಪಾದ ಹಾಡುಗಳಿಗೆ ರಾಗ ಹಾಕಿದ ಮನೋಮೂರ್ತಿ ಅಮೆರಿಕದಲ್ಲಿ ನೆಲೆಸಿ ಸಾಫ್ಟ್‌ವೇರ್ ಉದ್ಯಮ ನಡೆಸಿದ ಕನ್ನಡಿಗ. ಎರಡು ನೆಲಕ್ಕೂ ಸಲ್ಲುವ ಮನುಷ್ಯ ಸಾಧ್ಯ ಎಂಬುದಕ್ಕೆ ಅವರಿಗಿಂತ ಬೇರೆ ಸಾಕ್ಷಿ ಬೇಕೇ?

ಚಿತ್ರದಲ್ಲಿ ಅಮೆರಿಕದ ಸಮಾಜ ಹಿನ್ನೆಲೆಯ ಪರದೆಯಾಗಿಯೇ ಉಳಿಯುತ್ತದೆ. ಹಿಂದೆ ಗೊರೂರು ರಾಮಸ್ವಾಮಿ ಅಯ್ಯಂಗಾರರು ‘ಅಮೆರಿಕಾದಲ್ಲಿ ಗೊರೂರು’ ಬರೆದು 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದಾಗ, ಅವರ ಕಣ್ಣಿನಲ್ಲಿದ್ದದ್ದು ಹೇಮಾವತಿ ದಡದ ಹಳ್ಳಿಗನ ಕುತೂಹಲ. ತೀರ್ಪು ಕೊಡುವ ಅವಸರ ಅವರಿಗಿರಲಿಲ್ಲ. ಅನಂತರ ಬಂದ ನಮ್ಮ ಸಿನಿಮಾ, ಟಿ.ವಿ.ಗಳಿಗೆ ಅಮೆರಿಕ ಒಂದೋ ಸ್ವರ್ಗ, ಇಲ್ಲವೇ ಸಂಸ್ಕೃತಿ ಕೆಡಿಸುವ ನರಕ. ಅಲ್ಲಿಯೂ ಜನರು ಜಗಳವಾಡುತ್ತಾರೆ, ಕಾನೂನಿಗಾಗಿ ಹೋರಾಡುತ್ತಾರೆ, ಸೋಲುತ್ತಾರೆ, ಗೆಲ್ಲುತ್ತಾರೆ ಎಂಬ ಸಾಮಾನ್ಯ ಸತ್ಯ ಮಾತ್ರ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ನಮ್ಮ ಶಶಾಂಕರು ಅಲ್ಲಿಗೆ ಹೋದದ್ದಾದರೂ ಹೇಗೆ? ‘ಪ್ರತಿಭೆಯಿಂದ’ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಪ್ರತಿಭೆ ಮೊದಲೂ ಇತ್ತು, ಬಾಗಿಲು ಇರಲಿಲ್ಲ. ಭಾರತೀಯ ಬಿಳಿಯನಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹನಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1923ರಲ್ಲಿ ತೀರ್ಪು ಕೊಟ್ಟಿತ್ತು. 1946ರ ಕಾನೂನು ಭಾರತಕ್ಕೆ ಕೊಟ್ಟ ಪಾಲು ವರ್ಷಕ್ಕೆ ಕೇವಲ 100 ಮಂದಿ. ದೇಶವಾರು ಪಾಲಿನ ಆ ಪದ್ಧತಿಯನ್ನು ತೆಗೆದುಹಾಕಿದ್ದು 1965ರ ವಲಸೆ ಕಾನೂನು. 1964ರ ನಾಗರಿಕ ಹಕ್ಕುಗಳ ಕಾಯ್ದೆ, 1965ರ ಮತದಾನದ ಹಕ್ಕಿನ ಕಾಯ್ದೆಗಳ ಬೆನ್ನಿಗೇ ಅದು ಬಂತು. ಅಂದರೆ ಬೀದಿಗಿಳಿದು ಲಾಠಿ ಏಟು ತಿಂದ ಕರಿಯ ಜನರ ಹೋರಾಟ ಬದಲಿಸಿದ ಗಾಳಿಯಲ್ಲಿ ನಮ್ಮ ಎಂಜಿನಿಯರುಗಳಿಗೂ ಬಾಗಿಲು ತೆರೆಯಿತು. ಈ ಋಣದ ಮಾತನ್ನು ನಮ್ಮ ಅನಿವಾಸಿ ಕಥೆಗಳಲ್ಲಿ ಹುಡುಕಿದರೂ ಸಿಗುವುದು ಅಪರೂಪ.

ಈಗ ಕಾಲ ಒಂದು ಸುತ್ತು ತಿರುಗಿದೆ. ಅಂದು ನಮ್ಮ ಚಿತ್ರ ಶಶಾಂಕನನ್ನು ಕೇಳಿದ ಪ್ರಶ್ನೆಯನ್ನೇ ಇಂದು ಅಮೆರಿಕ ಅವನನ್ನು ಕೇಳುತ್ತಿದೆ. ‘ಅಮೆರಿಕ ಮೊದಲು’ ಎಂಬ ಘೋಷಣೆ ಸೂರ್ಯನ ಮಾತಿನ ಇಂಗ್ಲಿಷ್ ರೂಪದಂತೆಯೇ ಕೇಳಿಸುತ್ತದೆ. 2025ರ ಫೆಬ್ರವರಿ 5ರಂದು 104 ಭಾರತೀಯರನ್ನು ಸೇನಾ ವಿಮಾನದಲ್ಲಿ, ಕೈಗೆ ಕೋಳ, ಕಾಲಿಗೆ ಸರಪಳಿ ಹಾಕಿ ಅಮೃತಸರಕ್ಕೆ ತಂದು ಇಳಿಸಿದಾಗ ನಮಗೆ ನೋವಾಯಿತು. ಆಗಬೇಕಾದದ್ದೇ. ಆದರೆ 2017ರ ಜನವರಿಯಲ್ಲಿ ಮುಸ್ಲಿಮರೇ ಬಹುಸಂಖ್ಯಾತರಾಗಿರುವ ಏಳು ದೇಶಗಳ ಜನರಿಗೆ ಅಮೆರಿಕ ಬಾಗಿಲು ಮುಚ್ಚಿದಾಗ ನಮ್ಮಲ್ಲಿ ಚಪ್ಪಾಳೆ ತಟ್ಟಿದವರು ಇರಲಿಲ್ಲವೇ?

ದ್ವೇಷಕ್ಕೆ ವಿಳಾಸ ಓದಲು ಬರುವುದಿಲ್ಲ. 2001ರ ಸೆಪ್ಟೆಂಬರ್ 11ರ ದಾಳಿಯ ನಾಲ್ಕನೇ ದಿನ ಅರಿಜೋನಾದಲ್ಲಿ ಕೊಲೆಯಾದವರು ಒಬ್ಬ ಸಿಖ್ಖರು. ಪೇಟ ನೋಡಿ ಹಂತಕ ಅವರನ್ನು ಮುಸ್ಲಿಮ್ ಎಂದುಕೊಂಡಿದ್ದ. 2017ರ ಫೆಬ್ರವರಿಯಲ್ಲಿ ಕನ್ಸಾಸ್ ರಾಜ್ಯದಲ್ಲಿ ಗುಂಡಿಗೆ ಬಲಿಯಾದವರು ತೆಲಂಗಾಣ ಮೂಲದ ಹಿಂದೂ ಎಂಜಿನಿಯರ್. ‘ನನ್ನ ದೇಶ ಬಿಟ್ಟು ತೊಲಗಿ’ ಎಂದು ಕೂಗಿ ಗುಂಡು ಹಾರಿಸಿದವನು ಅವರನ್ನು ಇರಾನಿನವರೆಂದು ಭಾವಿಸಿದ್ದ. ಹಂತಕನ ತಪ್ಪು ಗುರುತು ಹಿಡಿದದ್ದರಲ್ಲಿ ಇರಲಿಲ್ಲ. ನಿಜವಾದ ಇರಾನಿಯನ್ನೇ ಕೊಂದಿದ್ದರೂ ಅದು ಅಷ್ಟೇ ದೊಡ್ಡ ಪಾಪ. ಅದನ್ನು ಹೇಳಲು ನಮ್ಮ ಸುದ್ದಿವಾಹಿನಿಗಳಿಗೆ ನಾಲಗೆ ಏಳಲಿಲ್ಲ.

ಇದು ದೂರದೇಶದ ಮಾತಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಗಣೇಶ ಮೆರವಣಿಗೆಯ ವೇಳೆ ನಾಗಮಂಗಲ ಪಟ್ಟಣದಲ್ಲಿ ಗಲಭೆಯಾಗಿ ಅಂಗಡಿಗಳು ಸುಟ್ಟುಹೋದವು. ಸುಟ್ಟ ಅಂಗಡಿಗಳಲ್ಲಿ ಎರಡೂ ಸಮುದಾಯದವರವು ಇದ್ದವು. ಬಾಡಿಗೆ, ಸಾಲ, ಬಡ್ಡಿ ಎರಡೂ ಕಡೆ ಒಂದೇ. ತಲೆಮಾರುಗಳಿಂದ ಅದೇ ಸಂತೆಯಲ್ಲಿ ವ್ಯಾಪಾರ ಮಾಡಿದ, ಅದೇ ಮಂಡ್ಯದ ಕನ್ನಡ ಆಡುವ ಮನುಷ್ಯನಿಗೆ ಅಂಥ ದಿನಗಳಲ್ಲಿ ಎದುರಾಗುವುದು ಶಶಾಂಕನಿಗೆ ಎದುರಾದ ಪ್ರಶ್ನೆಯೇ: ನೀನು ಯಾವ ನೆಲದವನು? ಶಶಾಂಕ ಕಡೇಪಕ್ಷ ವಿಮಾನ ಹತ್ತಿ ಹೋಗಿದ್ದ. ಇವನು ಎಲ್ಲಿಗೂ ಹೋದವನಲ್ಲ.

ಹಾಗಾದರೆ ಅಮೆರಿಕದ ಸುದ್ದಿಯನ್ನು ಓದುವುದು ಹೇಗೆ? ಟ್ರಂಪ್ ನಮಗೆ ಮಿತ್ರನೋ ಶತ್ರುವೋ ಎಂಬ ಟಿ.ವಿ. ಚರ್ಚೆಯಿಂದ ಏನೂ ತಿಳಿಯದು. ಅಲ್ಲಿಯ ದುರ್ಬಲರಿಗೆ ಏನಾಗುತ್ತಿದೆ, ಅವರ ಪರ ಯಾರು ನಿಲ್ಲುತ್ತಿದ್ದಾರೆ ಎಂದು ನೋಡಬೇಕು. 2017ರ ಆ ಆದೇಶ ಹೊರಬಿದ್ದ ದಿನಗಳಲ್ಲಿ ವಿಮಾನ ನಿಲ್ದಾಣಗಳಿಗೆ ಧಾವಿಸಿ, ಪರಿಚಯವೇ ಇಲ್ಲದ ಪ್ರಯಾಣಿಕರಿಗಾಗಿ ಕೆಲಸ ಮಾಡಿದ ವಕೀಲರೂ ಅಮೆರಿಕದವರೇ. 2025ರ ನವೆಂಬರ್ 4ರಂದು ನ್ಯೂಯಾರ್ಕ್ ನಗರ ಜೊಹ್ರಾನ್ ಮಮ್ದಾನಿಯನ್ನು ತನ್ನ ಮೊದಲ ಮುಸ್ಲಿಮ್ ಮೇಯರ್ ಆಗಿ ಆರಿಸಿತು. ಉಗಾಂಡದಲ್ಲಿ ಹುಟ್ಟಿದ, ಭಾರತೀಯ ಮೂಲದ ತಂದೆತಾಯಿಯ ಮಗ. ಅವರ ಪೌರತ್ವವನ್ನೇ ಕಿತ್ತುಕೊಳ್ಳಬೇಕೆಂದು ಅಲ್ಲಿನ ಸಂಸದರೊಬ್ಬರು ಕೇಳಿದ್ದರು. ಮತದಾರರಾದರೋ ಮನೆ ಬಾಡಿಗೆ, ಬಸ್ಸು, ಮಕ್ಕಳ ಆರೈಕೆಯ ಬಗ್ಗೆ ಅವರು ಆಡಿದ ಮಾತಿಗೆ ಕಿವಿಗೊಟ್ಟರು. ಇದರಿಂದ ಅಮೆರಿಕ ಸ್ವರ್ಗವಾಗಿಬಿಡಲಿಲ್ಲ. ಅವೇ ತಿಂಗಳುಗಳಲ್ಲಿ ವಲಸಿಗರನ್ನು ಹಿಡಿದು ಸಾಗಿಸುವ ಕೆಲಸವೂ ನಡೆದಿತ್ತು. ಎರಡನ್ನೂ ಒಟ್ಟಿಗೆ ನೋಡಿದವನಿಗೆ ಮಾತ್ರ ಆ ದೇಶ ಅರ್ಥವಾದೀತು.

‘ಅಮೆರಿಕಾ ಅಮೆರಿಕಾ’ ಇವತ್ತಿಗೂ ನೋಡಬೇಕಾದ ಚಿತ್ರ. ಸೂರ್ಯನ ನೆಲಪ್ರೇಮ ಸುಳ್ಳಲ್ಲ. ಆದರೆ ಅದನ್ನು ಇನ್ನೊಬ್ಬರನ್ನು ಅಳೆಯುವ ಗಜಕಡ್ಡಿ ಮಾಡಿಕೊಂಡಾಗ ಏನಾಗುತ್ತದೆಂಬುದು ಚಿತ್ರ ಬಂದು ಮೂರು ದಶಕಗಳಾಗುವ ಹೊತ್ತಿಗೆ ನಮಗೆ ಕಂಡಿದೆ.

ಅಂದು ಹೋಟೆಲಿನಲ್ಲಿ ಆ ಯುವಕನಿಗೆ ನಾನು ಏನೂ ಹೇಳದೆ ಎದ್ದು ಬಂದೆ. ಹೇಳಬೇಕಿತ್ತು. “ತಮ್ಮಾ, ನಾಳೆ ನೀನೇ ಅಲ್ಲಿಗೆ ಹೋದರೆ, ಅಲ್ಲಿಯವನೊಬ್ಬ ನಿನ್ನಂತೆಯೇ ಮಾತಾಡಿದರೆ, ನಿನ್ನ ಪರ ಯಾರು ಮಾತಾಡಬೇಕು?” ಎಂದಾದರೂ ಕೇಳಬೇಕಿತ್ತು.